ವಿಕಿರಣ ಅಯೋಡಿನ್ ‘ಸ್ವಲ್ಪವೇ ಕೊಡಿ’ ಎನ್ನಬಹುದೇ?

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಗ್ರೇವ್ಸ್ ಕಾಯಿಲೆಯಿಂದ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದ್ದು, ಎರಡೂವರೆ ವರ್ಷದಿಂದ ಕಾರ್ಬಿಮಜೋಲ್ ಕೊಡುತ್ತಿದ್ದೇವೆ. ಮಾತ್ರೆ ಇಳಿಸಿದಾಗಲೆಲ್ಲ ಎದೆಬಡಿತ, ಕೈನಡುಕ ಮರುಕಳಿಸುತ್ತವೆ. ವೈದ್ಯರು ವಿಕಿರಣ ಅಯೋಡಿನ್ ಸೂಚಿಸಿದ್ದಾರೆ. ಕ್ಯಾನ್ಸರ್ ಬಂದೀತು, ಮುಂದೆ ಮಕ್ಕಳಾಗಲಿಕ್ಕಿಲ್ಲ ಎಂದು ಮನೆಯವರೆಲ್ಲ ಹೆದರಿದ್ದಾರೆ. ಕಡಿಮೆ ಪ್ರಮಾಣದಲ್ಲಿ ಕೊಡಿ ಎಂದು ಕೇಳಬಹುದೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ದಯವಿಟ್ಟು ಹಾಗೆ ಕೇಳಬೇಡಿ. ಮಗುವಿನ ಮೇಲಿನ ಮಮತೆಯಿಂದಲೇ ಈ ಮಾತು ಬರುತ್ತದೆಯಾದರೂ, ಈ ಚಿಕಿತ್ಸೆಯಲ್ಲಿ ಅರೆಬರೆ ಪ್ರಮಾಣವೇ ಹೆಚ್ಚು ಅಪಾಯಕರ. ನುಂಗಿದ ವಿಕಿರಣ ಅಯೋಡಿನ್ (ಅಯೋಡಿನ್-131) ಥೈರಾಯ್ಡ್ ಗ್ರಂಥಿಯಲ್ಲಿ ಸೇರಿಕೊಂಡು, ಒಂದೆರಡು ಮಿಲಿಮೀಟರ್ ದೂರವಷ್ಟೇ ಸಾಗುವ ಬೀಟಾ ಕಿರಣಗಳಿಂದ ಅಲ್ಲಿನ ಜೀವಕೋಶಗಳನ್ನು ನಾಶಮಾಡುತ್ತದೆ. ಪ್ರಮಾಣ ಸಾಲದೇ ಹೋದರೆ, ವಿಕಿರಣದಿಂದ ಘಾಸಿಗೊಂಡರೂ ಸಾಯದ ಕೋಶಗಳು ಉಳಿದು, ಮುಂದೆ ಅವುಗಳಲ್ಲಿ ಗಂಟು ಅಥವಾ ಕ್ಯಾನ್ಸರ್ ಹುಟ್ಟುವ ಶಂಕೆ ಇರುತ್ತದೆ. 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದ ಬಳಿಕ ಅಲ್ಲಿನ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಹೆಚ್ಚಿದ್ದು, ಗ್ರಂಥಿಯನ್ನು ನಾಶಮಾಡುವಷ್ಟಿಲ್ಲದ ವಿಕಿರಣ ಅಯೋಡಿನ್ ಹಾಲು, ಆಹಾರಗಳ ಮೂಲಕ ಅವರ ದೇಹ ಸೇರಿದ್ದರಿಂದ. ಆದ್ದರಿಂದಲೇ ಮಕ್ಕಳಿಗೆ ಗ್ರಂಥಿ ಪೂರ್ತಿ ನಿಷ್ಕ್ರಿಯವಾಗುವಷ್ಟು ಪ್ರಮಾಣವನ್ನು, ಅದರ ಗಾತ್ರವನ್ನು ಅಂದಾಜಿಸಿ ಕೊಡುತ್ತಾರೆ. ಐದು ವರ್ಷದೊಳಗಿನವರಿಗೆ ಈ ಚಿಕಿತ್ಸೆಯನ್ನು ಕೊಡುವುದಿಲ್ಲ. ನಿಮ್ಮ ಮಗಳ ವಯಸ್ಸು ಅದಕ್ಕೆ ಅಡ್ಡಿಯಲ್ಲ.

ಇದರಿಂದ ಮುಂದೆ ಮಕ್ಕಳಾಗುವುದಿಲ್ಲ ಎಂಬುದಕ್ಕೆ ಆಧಾರವಿಲ್ಲ. ಮೈನೆರೆದ ಹುಡುಗಿಯರಿಗೆ ಚಿಕಿತ್ಸೆಗೆ ಮೊದಲು ಗರ್ಭಪರೀಕ್ಷೆ ಮಾಡುವುದು ಎಲ್ಲರಿಗೂ ಅನ್ವಯಿಸುವ ನಿಯಮ. ಅದನ್ನು ಮಗಳಿಗೆ ಮುಂಚೆಯೇ ತಿಳಿಸಿ, ಅವಳು ಅವಮಾನವೆಂದು ಭಾವಿಸದಂತೆ ನೋಡಿಕೊಳ್ಳಿ. ಕಾರ್ಬಿಮಜೋಲನ್ನು ಕೆಲವು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಔಷಧ ತೆಗೆದುಕೊಂಡ ಮೇಲೆ ಅವಳು ಕೆಲವು ದಿನ ಬೇರೆ ಮಲಗಬೇಕು, ಪುಟ್ಟ ಮಕ್ಕಳನ್ನೂ ಗರ್ಭಿಣಿಯರನ್ನೂ ಹತ್ತಿರ ಸೇರಿಸಿಕೊಳ್ಳಬಾರದು.

ಒಂದು ಮಾತನ್ನು ಮಾತ್ರ ಮನೆಯಲ್ಲಿ ಮೊದಲೇ ಒಪ್ಪಿಕೊಂಡಿರಬೇಕು: ಕೆಲವು ತಿಂಗಳಲ್ಲಿ ಥೈರಾಯ್ಡ್ ಕೊರತೆ ಬರುತ್ತದೆ, ಮತ್ತು ಅವಳು ಜೀವನಪೂರ್ತಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನು) ಮಾತ್ರೆ ನುಂಗಬೇಕು. ಅದು ಚಿಕಿತ್ಸೆ ಕೆಟ್ಟಿತೆಂಬುದರ ಲಕ್ಷಣವಲ್ಲ, ಚಿಕಿತ್ಸೆಯ ಗುರಿಯೇ ಅದು.

ಗ್ರಂಥಿ ಬಹಳ ದೊಡ್ಡದಾಗಿದ್ದರೆ ಅಥವಾ ಕಣ್ಣುಗಳು ತೀವ್ರವಾಗಿ ಉಬ್ಬಿದ್ದರೆ, ಇಂಥ ಶಸ್ತ್ರಚಿಕಿತ್ಸೆಯಲ್ಲಿ ನುರಿತವರ ಕೈಯಲ್ಲಿ ಆಪರೇಷನ್ ಮಾಡಿಸುವುದೇ ಮೇಲು. ವಿಕಿರಣ ಅಯೋಡಿನ್‌ನಿಂದ ಕಣ್ಣಿನ ತೊಂದರೆ ಉಲ್ಬಣಿಸಬಹುದು. ಇವೆರಡನ್ನೂ ವೈದ್ಯರ ಬಳಿ ಸ್ಪಷ್ಟವಾಗಿ ಕೇಳಿ. ಅಲ್ಲಿಯವರೆಗೆ ಕಾರ್ಬಿಮಜೋಲ್ ನಡೆಯುತ್ತಿರುವಾಗ ಜ್ವರವೋ ಗಂಟಲುನೋವೋ ಕಾಣಿಸಿಕೊಂಡರೆ, ಮಾತ್ರೆ ನಿಲ್ಲಿಸಿ ಅಂದೇ ಬಿಳಿ ರಕ್ತಕಣಗಳ ಎಣಿಕೆ ಮಾಡಿಸಿ; ಈ ಮಾತ್ರೆ ಅಪರೂಪಕ್ಕೆ ಆ ಕಣಗಳನ್ನು ತೀರಾ ಕುಗ್ಗಿಸಬಹುದು.