ಫೋನ್ ಕೈಯಲ್ಲಿಲ್ಲದಾಗಿನ ತಳಮಳ

ಪ್ರಶ್ನೆ: ನಾನು ಹಾಸ್ಟೆಲ್‌ನಲ್ಲಿದ್ದು ಎಂ.ಎಸ್ಸಿ. ಓದುತ್ತಿರುವ ವಿದ್ಯಾರ್ಥಿನಿ. ಈಚೆಗೆ ಫೋನಿನ ಡಿಸ್‌ಪ್ಲೇ ಒಡೆದು ರಿಪೇರಿಗೆ ಕೊಟ್ಟಿದ್ದಾಗ ಎದೆ ಡವಗುಟ್ಟುತ್ತಿತ್ತು, ಓದಲು ಕೂತರೆ ಮನಸ್ಸು ನಿಲ್ಲುತ್ತಿರಲಿಲ್ಲ. ಫೋನೇ ಇಲ್ಲದ ಬ್ಯಾಗಿನಲ್ಲಿ ಅದು ವೈಬ್ರೇಟ್ ಆದಂತೆ ಅನಿಸುತ್ತಿತ್ತು. ಇದು ಮಾನಸಿಕ ಕಾಯಿಲೆಯೇ? ಸ್ಮಾರ್ಟ್‌ಫೋನನ್ನೇ ಬಿಟ್ಟುಬಿಡಬೇಕೇ?
– ಹೆಸರು ಬೇಡ, ಧಾರವಾಡ

ಉತ್ತರ: ಈ ಬಗೆಯ ಆತಂಕಕ್ಕೆ ‘ನೋಮೋಫೋಬಿಯಾ’ ಎಂಬ ಹೆಸರು 2008ರ ಸುಮಾರಿಗೆ ಬ್ರಿಟನ್ನಿನಲ್ಲಿ ಬಳಕೆಗೆ ಬಂದಿತಾದರೂ, ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಅದು ಪ್ರತ್ಯೇಕ ಕಾಯಿಲೆಯಾಗಿ ಸೇರಿಲ್ಲ, 2022ರಲ್ಲಿ ಜಾರಿಗೆ ಬಂದ ಅದರ 11ನೆಯ ಪರಿಷ್ಕರಣೆಯಲ್ಲಿ ಜಾಗ ಸಿಕ್ಕಿರುವುದು ಗೇಮಿಂಗ್ ಗೀಳಿಗೆ. ಆದ್ದರಿಂದ ನಿಮಗೆ ನೀವೇ ರೋಗಿಯೆಂಬ ಹಣೆಪಟ್ಟಿ ಕಟ್ಟಿಕೊಳ್ಳಬೇಡಿ. ಇಲ್ಲದ ಫೋನು ಅದುರಿದಂತೆ ಅನಿಸುವುದೂ ಕಾಲೇಜು ವಿದ್ಯಾರ್ಥಿಗಳಲ್ಲಿ ತೀರಾ ಸಾಮಾನ್ಯ.

ಫೋನ್ ಬಿಡಬೇಕಾಗಿಲ್ಲ. ತರಗತಿಯ ನೋಟ್ಸ್‌ನಿಂದ ಮೆಸ್ ಬಿಲ್‌ವರೆಗೆ ಎಲ್ಲವನ್ನೂ ಅದಕ್ಕೇ ಗಂಟುಹಾಕಿಟ್ಟು, ‘ಅದನ್ನು ಮುಟ್ಟಬೇಡ’ ಎಂದು ಮಕ್ಕಳನ್ನು ಗದರುವ ಹಿರಿಯರ ಮಾತು ನನಗಂತೂ ಒಪ್ಪಿಗೆಯಾಗುವುದಿಲ್ಲ. ನೀವು ಗಮನಿಸಬೇಕಾದದ್ದು ಬೇರೆ: ತಳಮಳ ಏಳುತ್ತದೆ, ತಕ್ಷಣ ಫೋನ್ ತೆರೆಯುತ್ತೀರಿ, ಹಾಯೆನಿಸುತ್ತದೆ, ಆ ಕ್ಷಣದ ನೆಮ್ಮದಿಯೇ ಮುಂದಿನ ಸಲವೂ ಹಾಗೆಯೇ ಮಾಡುವಂತೆ ಮನಸ್ಸನ್ನು ಪಳಗಿಸುತ್ತದೆ. ಫೋನ್ ನೋಡದೆ ಕೂತರೆ ತಳಮಳ ಒಂದಷ್ಟು ಏರಿ, ಬಳಿಕ ತಾನಾಗಿಯೇ ಇಳಿಯುತ್ತದೆ ಎಂಬುದು ನಿಮ್ಮ ಅನುಭವಕ್ಕೇ ಬರಬೇಕು.

ಅದಕ್ಕಾಗಿ ಓದುವ ಹೊತ್ತಿನಲ್ಲಿ ಮೊದಲು ಅರ್ಧ ಗಂಟೆ ಫೋನನ್ನು ಗೆಳತಿಯ ಕೋಣೆಯಲ್ಲಿಡಿ, ದಿನ ಕಳೆದಂತೆ ಅವಧಿಯನ್ನು ಹೆಚ್ಚಿಸಿ. ಸದ್ದು ಆರಿಸಿ ಮೇಜಿನ ಮೇಲೆ ಮಗುಚಿಟ್ಟರೆ ಸಾಲದು. ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಫೋನನ್ನು ಬೇರೆ ಕೋಣೆಯಲ್ಲಿಟ್ಟ ವಿದ್ಯಾರ್ಥಿಗಳು ಮೇಜಿನ ಮೇಲಿಟ್ಟವರಿಗಿಂತ ಏಕಾಗ್ರತೆ ಬೇಡುವ ಪರೀಕ್ಷೆಗಳನ್ನು ಚೆನ್ನಾಗಿ ಮಾಡಿದರು. ಆಮೇಲಿನ ಎಲ್ಲ ಅಧ್ಯಯನಗಳಲ್ಲೂ ಇದೇ ಫಲಿತಾಂಶ ಬಂದಿಲ್ಲ ನಿಜ, ಆದರೆ ಪ್ರಯತ್ನಿಸಿ ನೋಡಲು ಖರ್ಚೇನೂ ಇಲ್ಲ. ಮನೆಯಿಂದ ತುರ್ತು ಕರೆ ಬಂದರೆ ಗತಿಯೇನು ಎಂಬ ಅಳುಕಿದ್ದರೆ, ಗೆಳತಿಯ ನಂಬರನ್ನು ಅಪ್ಪ-ಅಮ್ಮನಿಗೆ ಕೊಟ್ಟಿಡಿ. ರಾತ್ರಿ ದಿಂಬಿನ ಪಕ್ಕದಲ್ಲಿ ಫೋನಿನ ಬದಲು ಅಲಾರಾಂ ಗಡಿಯಾರವಿರಲಿ.

ಇಷ್ಟಾಗಿಯೂ ನಿದ್ರೆ ಕೆಡುತ್ತಿದ್ದರೆ, ತರಗತಿಗಳು ತಪ್ಪುತ್ತಿದ್ದರೆ, ನಿಮ್ಮೂರಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತೊಂದರೆಗಳಿಗೆಂದೇ 2014ರಿಂದ ‘ಶಟ್’ ಎಂಬ ಕ್ಲಿನಿಕ್ ನಡೆಯುತ್ತಿದೆ. ಹೆಸರು ಹೇಳಿಕೊಳ್ಳಲು ಸಂಕೋಚವಿರುವುದರಿಂದ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಬಹುದು; ಅದು ಉಚಿತ, ಕನ್ನಡದಲ್ಲೇ ಮಾತನಾಡಬಹುದು.