ಸಿಮ್ಯುಲೇಟರ್ ಸಾಕಾ, ಡಿಬಗರ್ ಬೇಕಾ?

ಪ್ರೋಗ್ರಾಮ್ ಸಿಮ್ಯುಲೇಟರ್‌ನಲ್ಲಿ ಚೆನ್ನಾಗಿ ಓಡುತ್ತದೆ, ಬೋರ್ಡಿಗೆ ಹಾಕಿದರೆ ನಿಂತುಬಿಡುತ್ತದೆ, ಚಿಪ್ಪನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ಸಿಮ್ಯುಲೇಟರ್ ನಂಬಬೇಕಾ, ನಿಜವಾದ ಚಿಪ್ಪನ್ನೇ ನಿಲ್ಲಿಸಿ ಒಳಗೆ ನೋಡುವ ಡಿಬಗರ್ ನಂಬಬೇಕಾ ಅಂತ ಕೇಳಿದ್ದೀರಿ. ಎರಡನ್ನೂ ನಂಬಬಹುದು, ಆದರೆ ಬೇರೆ ಬೇರೆ ತಪ್ಪುಗಳಿಗೆ.

ನನಗೂ ಇದೇ ಆಗಿತ್ತು. ಬ್ಲೂ ಪಿಲ್ ಅನ್ನುವ ಚಿಕ್ಕ ಎಸ್‌ಟಿಎಂ32 ಬೋರ್ಡಿಗೆ ಐ-ಟು-ಸಿ (ಎರಡು ಲೈನಿನ ಬಸ್) ಸೆನ್ಸರ್ ಜೋಡಿಸಿದ್ದೆ. ಸಿಮ್ಯುಲೇಟರ್‌ನಲ್ಲಿ ತಾಪಮಾನ ಸರಿಯಾಗಿ ಬರುತ್ತಿತ್ತು, ಬೋರ್ಡಿನಲ್ಲಿ ಸುಮ್ನೆ ಕೂತಿತ್ತು. ಬೋರ್ಡನ್ನು ಕಂಪ್ಯೂಟರಿಗೆ ಜೋಡಿಸುವ ಎಸ್‌ಟಿ-ಲಿಂಕ್ ಹಾಕಿ, ಜಿಡಿಬಿ ಅನ್ನುವ ಡಿಬಗರ್‌ನಲ್ಲಿ ಪ್ರೋಗ್ರಾಮನ್ನು ನಿಲ್ಲಿಸಿ ನೋಡಿದೆ. ಎಷ್ಟು ಸಲ ನಿಲ್ಲಿಸಿದರೂ ಅದೇ ಸಾಲು, ಬಸ್ ಖಾಲಿಯಾಗಲಿ ಅಂತ ಕಾಯುವ ವೈಲ್ ಲೂಪ್. ಲೈನ್ 0 ಆಗಿದೆಯಾ 1 ಆಗಿದೆಯಾ ಅಂತ ತೋರಿಸುವ ಲಾಜಿಕ್ ಅನಲೈಸರ್ ಹಚ್ಚಿ ನೋಡಿದರೆ ಎರಡೂ ಲೈನ್ 0ಯಲ್ಲೇ ಇದ್ದವು. ಲೈನನ್ನು 1ಕ್ಕೆ ಎಳೆದಿಡುವ ಪುಲ್-ಅಪ್ ರೆಸಿಸ್ಟರನ್ನು ನಾನು ಹಾಕಿರಲೇ ಇಲ್ಲ! 4.7 ಕಿಲೋ ಓಮ್‌ನ ಎರಡು ರೆಸಿಸ್ಟರ್ ಹಾಕಿದ ಮೇಲೆ ಓಡಿತು. ಆ ಸಿಮ್ಯುಲೇಟರ್ ಲೆಕ್ಕ ಹಾಕುತ್ತಿದ್ದದ್ದು 0 ಮತ್ತು 1 ಮಾತ್ರ, ವೋಲ್ಟೇಜ್ ಅಲ್ಲ.

ಹಾಗಾಗಿ ಟೂಲ್ ಆರಿಸುವಾಗ ಫೀಚರ್ ಪಟ್ಟಿ ನೋಡಬೇಡಿ. ಬೇಕಂತಲೇ ತಪ್ಪು ಇಟ್ಟ ಚಿಕ್ಕ ಪ್ರೋಗ್ರಾಮ್ ಒಂದನ್ನು ಬರೆದಿಟ್ಟುಕೊಳ್ಳಿ. ನನ್ನದರಲ್ಲಿ ಒಂದು ಸ್ಟ್ರಕ್ಟ್ ಇದೆ, ಅದರಲ್ಲಿ 10 ಬೈಟಿನ ಅರೇ, ಅದರ ಪಕ್ಕದಲ್ಲೇ ಒಂದು ಕೌಂಟರ್. ಕೋಡ್ 11ನೇ ಬೈಟ್ ಬರೆದು ಕೌಂಟರ್ ಕೆಡಿಸುತ್ತದೆ. ಕೆಡಿಸಿದ್ದು ಯಾರು ಅಂತ ಟೂಲ್ ಹೇಳಬೇಕು, ಅಷ್ಟೇ ಪರೀಕ್ಷೆ. ಬ್ಲೂ ಪಿಲ್‌ನ ಎಸ್‌ಟಿಎಂ32ಎಫ್103 ಚಿಪ್ಪಿನಲ್ಲಿ 6 ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್, 4 ವಾಚ್‌ಪಾಯಿಂಟ್ ಇವೆ. ಬ್ರೇಕ್‌ಪಾಯಿಂಟ್ ಒಂದು ಸಾಲಿಗೆ ಬಂದಾಗ ನಿಲ್ಲಿಸುತ್ತದೆ, ವಾಚ್‌ಪಾಯಿಂಟ್ ಒಂದು ಮೆಮೊರಿ ಜಾಗವನ್ನು ಯಾರಾದರೂ ಮುಟ್ಟಿದಾಗ. ಕೌಂಟರ್ ಮೇಲೆ ವಾಚ್ ಇಟ್ಟರೆ ಒಂದೆರಡು ಇನ್‌ಸ್ಟ್ರಕ್ಷನ್ ಮುಂದೆ ಹೋಗಿ ನಿಲ್ಲಬಹುದು, ಆದರೆ ಕಳ್ಳ ಸಿಗುತ್ತಾನೆ. ಇದೇ ಪರೀಕ್ಷೆಯನ್ನು ಪ್ರಿಂಟ್ ಹಾಕಿ ಮಾಡಿ ನೋಡಿ, ಅರ್ಧ ದಿನ ಹೋಗುತ್ತದೆ.

ಸಿಮ್ಯುಲೇಟರ್ ಬಿಡಬೇಡಿ ಮತ್ತೆ. ವೋಕ್ವಿ ಅನ್ನುವ ಸಿಮ್ಯುಲೇಟರ್ ಬ್ರೌಸರ್‌ನಲ್ಲೇ ಓಡುತ್ತದೆ, ಅದರಲ್ಲಿ ಜಿಡಿಬಿಯೂ ಸಿಗುತ್ತದೆ. ಮೆನು, ಸ್ಟೇಟ್ ಮಷೀನ್, ಪಾರ್ಸರ್ ತರಹದ ಕೋಡಿಗೆ ನಾನು ಮೊದಲು ಅದನ್ನೇ ತೆರೆಯುತ್ತೇನೆ.

ನಿಮ್ಮದು ಆರ್ಡುಯಿನೊ ಊನೊ ಆರ್3 ಆಗಿದ್ದರೆ ಸ್ವಲ್ಪ ಕಷ್ಟ ಜಾಸ್ತಿ. ಅದರ ಚಿಪ್ಪನ್ನು ಡಿಬಗ್ ಮಾಡುವ ದಾರಿಯಾದ ಡಿಬಗ್‌ವೈರ್ ರೀಸೆಟ್ ಪಿನ್ ಮೇಲೆಯೇ ನಡೆಯುತ್ತದೆ, ಹಾಗಾಗಿ ಬೋರ್ಡಿನ ರೀಸೆಟ್-ಇಎನ್ ಗೆರೆ ಕತ್ತರಿಸಬೇಕಾಗುತ್ತದೆ. ಎಸ್‌ಟಿಎಂ32ಗೆ ಗ್ರೌಂಡ್ ಬಿಟ್ಟರೆ ಎರಡೇ ವೈರ್ ಸಾಕು.

ಇನ್ನೊಂದು ವಿಷಯ: ಎಸ್‌ಟಿಎಂ32ನಲ್ಲಿ ಬ್ರೇಕ್‌ಪಾಯಿಂಟ್‌ಗೆ ಬಂದು ಕೋರ್ ನಿಂತರೂ ವಾಚ್‌ಡಾಗ್ (ಪ್ರೋಗ್ರಾಮ್ ಸಿಕ್ಕಿಹಾಕಿಕೊಂಡರೆ ಚಿಪ್ಪನ್ನು ರೀಸೆಟ್ ಮಾಡುವ ಟೈಮರ್) ತಾನಾಗಿ ನಿಲ್ಲುವುದಿಲ್ಲ. ಡಿಬಗ್ ಮಾಡುವಾಗ ಬೋರ್ಡ್ ಪದೇ ಪದೇ ರೀಸೆಟ್ ಆದರೆ ಮೊದಲು ಅದನ್ನು ಫ್ರೀಜ್ ಮಾಡುವ ಬಿಟ್ ಹಾಕಿ. ನಿಮ್ಮ ಚಿಪ್ ಯಾವುದು, ಯಾವ ಸಾಲಿನಲ್ಲಿ ನಿಲ್ಲುತ್ತಿದೆ ಹೇಳಿ, ಒಟ್ಟಿಗೆ ನೋಡೋಣ.