‘ಅಂತೆ’ ಇರಲಿ ಬಿಡಿ ಮೇಷ್ಟ್ರೇ

ಪತ್ರ: ಕಳೆದ ಸಂಚಿಕೆಯ ಬೇಲೂರು ಲೇಖನ ಓದಿದೆ. ಜಕಣಾಚಾರಿ ಕೆತ್ತಿದನಂತೆ, ಕಲ್ಲಿನೊಳಗೆ ಕಪ್ಪೆ ಇತ್ತಂತೆ, ಎಂಬ ನಂಬಿಕೆ, ಎಂಬ ಪ್ರತೀತಿ. ಗೊತ್ತಿದ್ದರೆ ನೇರವಾಗಿ ಬರೆಯಿರಿ, ಗೊತ್ತಿಲ್ಲದಿದ್ದರೆ ಬಿಡಿ. ಅಂತೆ ಕಂತೆ ಓದುವುದಕ್ಕೆ ನಾವು ಚಂದಾ ಕಟ್ಟಬೇಕೇ?
– ನಿವೃತ್ತ ಶಿಕ್ಷಕರೊಬ್ಬರು, ಅರಕಲಗೂಡು

ಸಂಪಾದಕರ ಉತ್ತರ: ಮೇಷ್ಟ್ರೇ, ಪುಟದ ತುಂಬ ‘ಅಂತೆ’ ಇದ್ದರೆ ಓದೋಕೆ ಬೇಜಾರು, ನಿಜ. ಅಷ್ಟು ಒಪ್ಪಿದೆ. ಅದರ ಮುಂದಕ್ಕೆ ಒಂದು ಹೆಜ್ಜೆಯೂ ಒಪ್ಪಲ್ಲ.

ಲೇಖನವನ್ನು ಇನ್ನೊಮ್ಮೆ ನೋಡಿ. ಚೆನ್ನಕೇಶವ ದೇವಸ್ಥಾನ 1117ರದ್ದು, ಕಟ್ಟಿಸಿದವನು ವಿಷ್ಣುವರ್ಧನ. ಅದಕ್ಕೆ ಶಾಸನ ಇದೆ, ಹಾಗಾಗಿ ಅಲ್ಲಿ ‘ಅಂತೆ’ ಹಾಕಿಲ್ಲ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸದ ಕೆಳಗೆ ಹೆಸರು ಕೊರೆದಿಟ್ಟು ಹೋಗಿದ್ದಾರೆ. ಅಲ್ಲೂ ಹಾಕಿಲ್ಲ. ಜಕಣಾಚಾರಿಯ ಹೆಸರು ಮಾತ್ರ ಆ ಗೋಡೆಗಳಲ್ಲಿ ಸಿಕ್ಕಿಲ್ಲ. ಆ ಕತೆ ನನಗೂ ಪ್ರೀತಿಯದೇ, ಗಂಧ ಹಚ್ಚಿದಾಗ ಹೊಕ್ಕುಳ ಹತ್ತಿರ ಮಾತ್ರ ಒಣಗದೆ ಉಳಿದದ್ದು, ಒಳಗಿಂದ ಕಪ್ಪೆ ಹಾರಿದ್ದು, ಕಲ್ಲಿನ ದೋಷವನ್ನು ಮಗ ತೋರಿಸಿಕೊಟ್ಟಾಗ ಅಪ್ಪ ಜಕಣಾಚಾರಿ ಕೈ ಕತ್ತರಿಸಿಕೊಂಡದ್ದು, ಎಲ್ಲ. ಆದರೆ ಎರಡನ್ನೂ ‘ಕೆತ್ತಿದನು, ಕೆತ್ತಿದನು’ ಅಂತ ಒಂದೇ ದನಿಯಲ್ಲಿ ಬರೆದರೆ ಅನ್ಯಾಯ ಆಗುವುದು ದಾಸೋಜನಿಗೆ. ಅರೇಬಿಕಾ ರೋಬಸ್ಟಾ ಎರಡನ್ನೂ ಒಂದೇ ಚೀಲಕ್ಕೆ ಸುರಿದ ಹಾಗೆ ಅದು. (ಬಾಬಾಬುಡನ್ ಮೋಕಾದಿಂದ ತಂದ ಕಾಫಿ ಬೀಜ ಏಳೇ ಏಳು ಅಂತಾರಲ್ಲ, ಎಣಿಸಿದವರು ಯಾರು ಅಂತ ಚಿಕ್ಕಮಗಳೂರಿನ ಗೆಳೆಯರನ್ನು ಕೇಳಿದರೆ ಸಿಟ್ಟಾಗುತ್ತಾರೆ. ಸುಮ್ನೆ ಕೇಳಿದ್ದು ಮಾರಾಯ್ರೇ.)

ಕನ್ನಡದ ಅತಿ ಹಳೆಯ ಶಾಸನ ಅಂತ ಹೆಸರಾದ ಹಲ್ಮಿಡಿ ಶಾಸನ ನೋಡಿ, ಅದೂ ಬೇಲೂರು ತಾಲ್ಲೂಕಿನದೇ. ಆ ಕಲ್ಲಿನ ಮೇಲೆ ಇಸವಿ ಇಲ್ಲ. ಲಿಪಿ, ಭಾಷೆ, ಅದರಲ್ಲಿ ಬರುವ ಕದಂಬರ ಅರಸನ ಹೆಸರು ಇಟ್ಟುಕೊಂಡು ವಿದ್ವಾಂಸರು ‘ಸುಮಾರು 450’ ಅಂದರು. ಆಮೇಲೆ ಶಿಕಾರಿಪುರದ ಹತ್ತಿರದ ತಾಳಗುಂದದ ಶಾಸನ 370ರದ್ದು, ಅದೇ ಹಳೆಯದು ಎಂಬ ವಾದ ಬಂತು. ‘ಸುಮಾರು’ ಅಂತ ಓದಿಕೊಂಡವನು ಈ ಚರ್ಚೆಗೆ ಆರಾಮಾಗಿ ಕೂರುತ್ತಾನೆ. ‘ನಮ್ಮದೇ ಮೊದಲು, ಮುಗೀತು’ ಅಂದವನಿಗೆ ಜಗಳ ಬಿಟ್ಟು ಬೇರೆ ದಾರಿ ಇಲ್ಲ.

ಇವೆಲ್ಲ ಹಳೇ ಕಲ್ಲಿನ ವಿಷಯ, ಯಾರಿಗೇನು ನಷ್ಟ ಅಂತೀರಾ? ಹಾಗಾದರೆ 2025ರ ಜೂನ್ ನೆನಪು ಮಾಡಿಕೊಳ್ಳಿ. ಹಾಸನ ಅಂದರೆ ಹೃದಯಾಘಾತ ಅನ್ನುವ ಹಾಗಾಗಿತ್ತು. ಟೀವಿಯಲ್ಲಿ ದಿನಾ ಒಂದು ಸಂಖ್ಯೆ. ‘ಕೋವಿಡ್ ಲಸಿಕೆ ಕಾರಣ ಇರಬಹುದು’ ಅಂತ ಮೇಲಿನಿಂದ ಹೊರಟ ಮಾತು ನಮ್ಮ ಬೀದಿಗೆ ಬರುವಷ್ಟರಲ್ಲಿ ‘ಬಹುದು’ ಉದುರಿಹೋಗಿ ‘ಲಸಿಕೆಯೇ ಕಾರಣ’ ಆಗಿತ್ತು. ಎದೆ ನೋವೇ ಇಲ್ಲದವರೂ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಗೆ ಬಸ್ ಹತ್ತಿದರು. ಜುಲೈನಲ್ಲಿ ತಜ್ಞರ ಸಮಿತಿಯ ವರದಿ ಬಂತು. ನೋಡಿದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧವೇ ಇಲ್ಲದವು. ಉಳಿದ 20ರಲ್ಲೂ ಖಚಿತವಾದವು ಬೇರೆ, ಇರಬಹುದು ಅನ್ನುವಂಥವು ಬೇರೆ. ಲಸಿಕೆಗೂ ಇದಕ್ಕೂ ನಂಟು ಕಾಣಲಿಲ್ಲ. ಡಾಕ್ಟರುಗಳೇ ಕೇಸ್ ಶೀಟ್ ಮುಂದಿಟ್ಟುಕೊಂಡು ‘ಇರಬಹುದು’ ಅನ್ನುವಾಗ, ಸ್ಟುಡಿಯೋದಲ್ಲಿ ಕೂತವರಿಗೆ ಅಷ್ಟು ಧೈರ್ಯ ಎಲ್ಲಿಂದ ಬರುತ್ತೆ ಅಂತ!

ನನ್ನ ಸಿಟ್ಟು ‘ಅಂತೆ’ ಮೇಲಲ್ಲ, ‘ಎನ್ನಲಾಗಿದೆ’ ಮೇಲೆ. ‘ಅಂತೆ’ ಅಂದರೆ ಎದುರಿಗಿದ್ದವರು ತಕ್ಷಣ ‘ಯಾರು ಹೇಳಿದ್ದು?’ ಅಂತ ಕೇಳುತ್ತಾರೆ. ‘ಎನ್ನಲಾಗಿದೆ’ ಅಂದರೆ ಯಾರೂ ಕೇಳಲ್ಲ, ಅದಕ್ಕೊಂದು ಪೇಪರಿನ ಗತ್ತು ಇದೆ. ಹೇಳಿದವನು ಪೊಲೀಸನೋ, ಪಕ್ಕದ ಮನೆಯವನೋ, ಟೀ ಅಂಗಡಿಯವನೋ, ಎಲ್ಲರೂ ಅದರ ಹಿಂದೆ ಅಡಗಿಕೊಳ್ಳಬಹುದು. ನಮ್ಮಲ್ಲಿ ಬರೆಯಲು ಬರುವ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಹೇಳಿದವರು ಯಾರು ಅಂತ ಹಾಕಪ್ಪ. ದೂರು ಕೊಟ್ಟವರು ಹೇಳಿದ್ದಾರೆ, ಎಸ್‌ಐ ಹೇಳಿದ್ದಾರೆ, ಎಸ್ಟೇಟ್ ರೈಟರ್ ಹೇಳಿದ್ದಾರೆ. ಯಾರೂ ಸಿಗಲಿಲ್ವಾ, ಆ ಸಾಲೇ ಬೇಡ. ಮಾನನಷ್ಟದ ಕೇಸು ಬಿದ್ದರೆ ‘ಎನ್ನಲಾಗಿದೆ ಅಂತ ಬರೆದಿದ್ದೆ ಸ್ವಾಮಿ’ ಅಂದ ಮಾತ್ರಕ್ಕೆ ಬಚಾವ್ ಆಗಲ್ಲ. ಟೀವಿಯವರು ಇನ್ನೂ ಜಾಣರು. ಹೇಳಬಾರದ್ದೆಲ್ಲ ಹೇಳಿ ಕೊನೆಗೊಂದು ಪ್ರಶ್ನೆ ಚಿಹ್ನೆ.

ಇನ್ನೊಂದು ಸಾಲು ಇದೆ, ದಿನಾ ಓದುತ್ತೀರಿ: ‘ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ.’ ಪೊಲೀಸರ ಮುಂದೆ ಒಪ್ಪಿಕೊಂಡದ್ದನ್ನು ಕೋರ್ಟಿನಲ್ಲಿ ಅವನ ವಿರುದ್ಧ ಸಾಕ್ಷ್ಯ ಮಾಡುವ ಹಾಗಿಲ್ಲ ಮೇಷ್ಟ್ರೇ. 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್‌ನಲ್ಲೇ ಇದೆ, 2024ರ ಜುಲೈನಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲೂ 23ನೇ ಸೆಕ್ಷನ್ ಆಗಿ ಉಳಿದಿದೆ. ಬ್ರಿಟಿಷರಿಗೇ ಆಗ ಪೊಲೀಸರ ಮೇಲೆ ಅಷ್ಟು ಅನುಮಾನ ಇತ್ತು, ನಮ್ಮ ಪೇಪರುಗಳಿಗೆ ಇಲ್ಲ. ಹಿಡಿದ ದಿನವೇ ‘ಖತರ್ನಾಕ್ ಖದೀಮ’ ಅಂತ ಹೆಡ್ಡಿಂಗ್.

ಸಕಲೇಶಪುರ ಕಡೆಯ ಒಬ್ಬ ತೋಟದ ಕೆಲಸಗಾರನದು ಹೀಗೇ ಆಯ್ತು. ಮೆಣಸಿನ ಮೂಟೆ ಕಳವಿನ ಕೇಸು. ಮೂಟೆಗಳನ್ನು ಮುಂದಿಟ್ಟು, ಅವನನ್ನು ಹಿಂದೆ ನಿಲ್ಲಿಸಿ ತೆಗೆದ ಫೋಟೋ ಪೇಪರಿನಲ್ಲಿ ಬಂತು. ವರ್ಷಗಳಾದ ಮೇಲೆ ಕೋರ್ಟು ಬಿಟ್ಟಿತು. ಆದೇಶದ ಪ್ರತಿಯನ್ನು ನಾನೇ ಓದಿದ್ದೇನೆ. ಅದನ್ನು ಹಿಡಿದುಕೊಂಡು ಅವನ ತಮ್ಮ ಆ ಪತ್ರಿಕೆಯ ಆಫೀಸಿಗೆ ಹೋದನಂತೆ, ‘ಜಾಹೀರಾತು ಕೊಟ್ಟರೆ ಹಾಕ್ತೀವಿ’ ಅಂದರಂತೆ. ತಮ್ಮ ಹೇಳಿದ್ದು ಇದು. ಪತ್ರಿಕೆಯವರನ್ನು ನಾನಿನ್ನೂ ಕೇಳಿಲ್ಲ.